ಮೈಕು ಮೇಡಂ ಅವರ ಕ್ಲಾಸಿನಲ್ಲಿ ಕೂತದ್ದು

ವಿಜ್ಞಾನದ ಟೀಚರಿಗೆ ಶಾಲೆಯಲ್ಲಿ ಮೈಕು ಎಂದೇ ಹೆಸರು. ಅವಳು ಪಾಠ ಶುರು ಮಾಡಿದರೆ ಪಕ್ಕದ ಕೋಣೆಯ ಗಣಿತದ ಟೀಚರ್ ಕಿಟಕಿ ಮುಚ್ಚಬೇಕು. ಮುಚ್ಚಿದರೂ ರಕ್ತಪರಿಚಲನೆ ಗೋಡೆ ದಾಟಿ ಬರುತ್ತಿತ್ತು. ಹಾಗೆಂದು ಇಬ್ಬರಿಗೂ ಜಗಳವೇನಿಲ್ಲ. ಒಟ್ಟಿಗೇ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು, ಒಬ್ಬಳ ಅತ್ತೆಯ ಪುರಾಣವನ್ನು ಇನ್ನೊಬ್ಬಳು ಬಾಯಿಪಾಠ ಮಾಡಿಕೊಂಡವಳು.

ಈ ಗಣಿತದವಳಿಗೆ ಹೆಡ್‌ಮಿಸ್ಟ್ರೆಸ್ ಆಗುವ ಆಸೆ ಹುಟ್ಟಿತು. ರಜೆಯ ದಿನಗಳಲ್ಲಿ ಶಾಲಾ ಆಡಳಿತದ ಸ್ನಾತಕೋತ್ತರ ತರಗತಿಗೆ ಹೋಗತೊಡಗಿದಳು. ಊರಿನ ಮಕ್ಕಳಿಗೆಲ್ಲ ಹೋಂವರ್ಕ್ ಕೊಟ್ಟು ಕಾಡಿದವಳು ಈಗ ತಾನೇ ಹೋಂವರ್ಕ್ ಮುಗಿಯದೆ ಒದ್ದಾಡುವುದನ್ನು ನೋಡಿ ಗಂಡನಿಗೆ ಖುಷಿಯೋ ಖುಷಿ. "ಪೋಷಕರನ್ನ ಕರ್ಕೊಂಡು ಬಾ ಅಂದ್ರೆ ಹೇಳು, ನಾನೇ ಬರ್ತೀನಿ" ಎಂದು ಛೇಡಿಸುತ್ತಿದ್ದ.

ಕೊನೆಯ ಪರೀಕ್ಷೆ ಮಾತ್ರ ತಮಾಷೆಯದಾಗಿರಲಿಲ್ಲ. ಸಹೋದ್ಯೋಗಿಯೊಬ್ಬರ ಪಾಠವನ್ನು ಕೂತು ನೋಡಬೇಕು. ಆಮೇಲೆ ಕಂಡದ್ದನ್ನು ತಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಎದುರಿಗೇ ಆ ಸಹೋದ್ಯೋಗಿಯ ಮುಖಕ್ಕೆ ಹೇಳಬೇಕು. ಅಂಕ ಕೊಡುವವರು ಆ ಹೆಡ್‌ಮಿಸ್ಟ್ರೆಸ್ಸೇ.

"ನನ್ನ ಕ್ಲಾಸಿಗೇ ಬಾರೇ" ಎಂದಳು ಮೈಕು. "ಬೇರೆಯವರ ಹತ್ರ ಯಾಕೆ ಹೋಗ್ತೀಯ? ನನ್ನ ಹೊಗಳಿ ಹೊಗಳಿ ಪಾಸಾಗಿಬಿಡು."

ಗಣಿತದವಳು ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಿಸಿಕೊಂಡು ಕೂತಳು. ಪಾಠ ಸೊಗಸಾಗಿಯೇ ಇತ್ತು. "ಹೃದಯದಲ್ಲಿ ಎಷ್ಟು ಕೋಣೆ?" ಎಂದು ಮೈಕು ಕೇಳಿದಳು. ಮಕ್ಕಳು ಬಾಯಿ ತೆರೆಯುವ ಮೊದಲೇ "ನಾಲ್ಕು!" ಎಂದು ತಾನೇ ಗುಡುಗಿದಳು. ಕಿಟಕಿಯ ಬಳಿಯ ಹುಡುಗಿಯೊಬ್ಬಳು ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡು ಕೈ ಇಳಿಸಿದಳು. ಇಡೀ ಪಿರಿಯಡ್ಡು ಮೈಕೇ ಕೇಳಿದಳು, ಮೈಕೇ ಹೇಳಿದಳು.

ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಗಣಿತದವಳು ಬರೆದುಕೊಂಡಿದ್ದ ಹಾಳೆ ಬಿಡಿಸಿದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳಿ ಎದ್ದುಬಿಡಬಹುದಿತ್ತು. ಮೈಕು ನಗುನಗುತ್ತಾ ಹೊಗಳಿಕೆಗೆ ಕಾಯುತ್ತಿದ್ದಳು.

"ನೀವು ಪ್ರಶ್ನೆ ಕೇಳ್ತೀರಿ" ಎಂದಳು ಕಡೆಗೂ. "ಆದ್ರೆ ಉತ್ತರಾನೂ ನೀವೇ ಹೇಳಿಬಿಡ್ತೀರಿ. ಇವತ್ತು ಒಂದು ಮಗೂನೂ ಬಾಯಿ ಬಿಡ್ಲಿಲ್ಲ."

ಮೈಕಿನ ನಗು ಹಾಗೇ ನಿಂತುಹೋಯಿತು. "ಸರಿ ಮೇಡಂ. ಹೇಳಿದ್ದು ಒಳ್ಳೇದಾಯ್ತು" ಎಂದು ಎದ್ದುಹೋದಳು. ಹೆಡ್‌ಮಿಸ್ಟ್ರೆಸ್ ಕೈತುಂಬ ಅಂಕ ಕೊಟ್ಟರು.

ಅಂದಿನಿಂದ ಸ್ಟಾಫ್‌ರೂಮಿನಲ್ಲೂ ಮೈಕಿನ "ನೀವು" ಶುರುವಾಯಿತು. ಡಸ್ಟರ್ ನಿಮಗೆ ಬೇಕಾ, ನೀವು ಮೊದಲು ಕೈ ತೊಳ್ಕೊಳಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಮರ್ಯಾದೆಯನ್ನು ತಡೆದುಕೊಳ್ಳುವುದು ಗಣಿತದವಳಿಂದಾಗಲಿಲ್ಲ. ಡಬ್ಬಿಗಳೂ ಬೇರೆಯಾದವು. ಒಂದು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಅತ್ತೇಬಿಟ್ಟಳು.

"ಸುಳ್ಳು ಹೇಳಿದ್ಯಾ?" ಎಂದ ಗಂಡ.

"ಇಲ್ಲ."

"ಮತ್ಯಾಕೆ ಅಳು?"

"ನಿಜ ಹೇಳಿದ್ದಕ್ಕೇ ಅಳು ಬರ್ತಿದೆ" ಎಂದಳು. ಅವನು ಈ ಸಲ ಛೇಡಿಸಲಿಲ್ಲ, ತೊಳೆದ ತಟ್ಟೆಗಳನ್ನು ಒರೆಸಿಟ್ಟ.

ಮುಂದಿನ ವಾರ ಒಂದು ಮಧ್ಯಾಹ್ನ, ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದವಳ ಕೈ ನಿಂತಿತು. ಪಕ್ಕದ ಕೋಣೆಯಿಂದ ಸದ್ದೇ ಇಲ್ಲ. ಮಕ್ಕಳೂ ಗೋಡೆಯತ್ತ ನೋಡಿದರು. ಮೈಕಿಗೆ ಮೈ ಸರಿ ಇಲ್ಲವೇನೋ ಎಂದು ಅವಳಿಗೆ ಗಾಬರಿಯಾಯಿತು.

ಗಂಟೆ ಹೊಡೆದ ಮೇಲೆ ಮೈಕು ಬಂದು ಬಾಗಿಲಲ್ಲಿ ನಿಂತಳು.

"ಪ್ರಶ್ನೆ ಕೇಳಿ ಸುಮ್ನೆ ನಿಂತೆ. ಜೀವ ಬಾಯಿಗೆ ಬಂತು. ಕೊನೆಗೆ ಆ ಕಿಟಕಿ ಹತ್ರದ ಹುಡುಗಿ ಎದ್ದು ಹೇಳಿದ್ಲು. ಸರಿಯಾಗೇ ಹೇಳಿದ್ಲು. ಅವಳ ದನಿ ಹೇಗಿದೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ ಕಣೇ."

ಗಣಿತದವಳ ಮುಖ ಅರಳಿತು. ಮೈಕಿನ ಮುಖ ಅರಳಿರಲಿಲ್ಲ.

"ಇಷ್ಟು ವರ್ಷ ಗೋಡೆಯ ಈಚೆಗೇ ಇದ್ದೆ ನೀನು. ಎಲ್ಲಾ ಕೇಳಿಸ್ತಿತ್ತು ನಿಂಗೆ. ಅಂಕ ಸಿಗೋವರೆಗೂ ಯಾಕೆ ಹೇಳ್ಲಿಲ್ಲ?"

ಎಂದಿನಂತೆ ಉತ್ತರವನ್ನೂ ಅವಳೇ ಹೇಳಿಬಿಡಲಿ ಎಂದು ಗಣಿತದವಳು ಆಸೆಯಿಂದ ಕಾದಳು. ಮೈಕು ಬಾಗಿಲಿಗೆ ಒರಗಿ, ಅವಳ ಮುಖವನ್ನೇ ನೋಡುತ್ತಾ ಸುಮ್ಮನೆ ನಿಂತಿದ್ದಳು.