ಹನ್ನೆರಡರ ಗಂಟೆ

"ನೋಡ್ರಪ್ಪಾ ನೋಡಿ! ಎಂಟನೇ ಕ್ಲಾಸಿಗೇ ಬೆನ್ನು ತೋರಿಸಿ ಓಡಿಬಂದ ಕಂಬದ ಕೋತಿ, ನನ್ನ ಪುಸ್ತಕ ತಿದ್ದೋಕೆ ಬಂದಿದೆ!"

ಎಮಿಲ್ ಹವೇಲ್ಕಾ ಇದನ್ನು ಮೈಕಿನಲ್ಲೇ ಹೇಳಿದ. ಒಮಾಹಾ ಸೀಮೆಗೆ ವಲಸೆ ಬಂದ ಚೆಕ್ ಜನರ ಸಂಘದ ಸಭಾಂಗಣದಲ್ಲಿ ಕೂತಿದ್ದ ಇನ್ನೂರು ಜನ ಗೊಳ್ಳೆಂದು ನಕ್ಕರು. ಗಸಗಸೆ ತುಂಬಿದ ಕೊಲಾಚೆ ಬನ್ನು ಬಾಯಲ್ಲಿದ್ದವರೂ ನಕ್ಕರು. ವೇದಿಕೆಯ ಕೆಳಗೆ ನಿಂತಿದ್ದ ವೆನ್ಸಿಲ್‌ನ ಕಿವಿ ಕಾದ ಕಬ್ಬಿಣದಂತಾಯಿತು. ಅವನ ಕೈಯಲ್ಲಿ ತೆಳ್ಳನೆಯ ನೀಲಿ ಪುಸ್ತಕವಿತ್ತು: 'ಹವೇಲ್ಕಾ ಟೆಲಿಫೋನ್ ಕಂಪನಿ, ಐವತ್ತು ವರ್ಷ, 1912–1962'. ಹನ್ನೊಂದನೇ ಪುಟದಲ್ಲಿ ಹೆಬ್ಬೆರಳು ಇಟ್ಟುಕೊಂಡಿದ್ದ.

"ಒಂದೇ ಒಂದು ಸಾಲು ದೊಡ್ಡಪ್ಪ," ಎಂದ, ಹಲ್ಲು ಕಚ್ಚಿಕೊಂಡು. "ಜನ ಮನೆಗೆ ಒಯ್ಯೋಕೆ ಮುಂಚೆ ಅದೊಂದಕ್ಕೆ ಮಸಿ ಬಳೀರಿ ಅಂದೆ ಅಷ್ಟೇ."

"ಲೋ, ನಿಮ್ಮಪ್ಪ ನನ್ನ ತಮ್ಮ ಕಣೋ. ನನಗಿಲ್ವ ದುಃಖ? ಆದ್ರೆ ಚರಿತ್ರೆ ಅಂದ್ರೆ ಚರಿತ್ರೆ. ಹೋಗು, ಕೊಲಾಚೆ ತಿನ್ನು."

ಮತ್ತೆ ನಗು.

ಆ ಸಾಲು ಹೀಗಿತ್ತು: 'ನಮ್ಮ ಲೈನ್‌ಮನ್ ಫ್ರ್ಯಾಂಕ್ ಹವೇಲ್ಕಾ 1948ರ ಜನವರಿಯಲ್ಲಿ, ಬೆಲ್ಟ್ ಬಿಗಿಯದೆ ಅಜಾಗರೂಕತೆಯಿಂದ ಕಂಬದಿಂದ ಬಿದ್ದು ತೀರಿಕೊಂಡರು.' ಅದರ ಮೇಲಿನ ಸಾಲೇ ವೆನ್ಸಿಲ್‌ನ ಹೊಟ್ಟೆಗೆ ಬೆಂಕಿ ಇಟ್ಟಿದ್ದು: 'ನಮ್ಮ ಹನ್ನೆರಡರ ಗಂಟೆ ಈ ಐವತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಲ್ಲ; 48ರ ಜನವರಿಯಲ್ಲಿ ತಂತಿಗಳೆಲ್ಲ ಮಂಜುಗಡ್ಡೆ ಕಟ್ಟಿದ್ದಾಗಲೂ ತಪ್ಪಿಲ್ಲ.'

ಹನ್ನೆರಡರ ಗಂಟೆ ಎಂದರೆ ಈ ಸೀಮೆಯಲ್ಲಿ ಊಟದ ಹೊತ್ತು. ಸ್ವಿಚ್‌ಬೋರ್ಡಿನ ಮುಂದೆ ಕೂತವರು ಹಿಡಿ ತಿರುಗಿಸಿ ಹನ್ನೆರಡೂ ಲೈನುಗಳಿಗೆ ಒಂದು ಉದ್ದನೆಯ ಗಂಟೆ ಹೊಡೆಯಬೇಕು. ಒಂದೊಂದು ಲೈನಿಗೆ ಹದಿನೈದು ಮನೆ. ಎಲ್ಲರೂ ರಿಸೀವರ್ ಎತ್ತಿ ನಾಳಿನ ಹವೆ, ಒಮಾಹಾ ಸಂತೆಯ ಹಂದಿಯ ದರ ಕೇಳಿಸಿಕೊಂಡು ಊಟಕ್ಕೆ ಕೂರುತ್ತಾರೆ. ಆದರೆ ಆ ಹಿಡಿ ತಿರುಗಿದಾಗ ತಂತಿಯಲ್ಲಿ ಹರಿಯುವ ಕರೆಂಟು ಮನುಷ್ಯನನ್ನು ಒದ್ದು ಕೆಡವುವಷ್ಟಿರುತ್ತದೆ. ಅದಕ್ಕೇ ಲೈನ್‌ಮನ್ ಕಂಬ ಹತ್ತುವ ಮುಂಚೆ ಹತ್ತಿರದ ಮನೆಯಿಂದ ಫೋನು ಮಾಡಿ ಹೇಳಬೇಕು. ಬೋರ್ಡಿನಲ್ಲಿ ಆ ಲೈನಿನ ಸ್ವಿಚ್ಚಿಗೆ ಕೆಂಪು ಮರದ ಬಿಲ್ಲೆ ನೇತುಹಾಕಬೇಕು. ಬಿಲ್ಲೆ ಇದ್ದ ಲೈನಿಗೆ ದೇವರು ಬಂದು ಕೇಳಿದರೂ ಗಂಟೆ ಹೊಡೆಯುವಂತಿಲ್ಲ. ವೆನ್ಸಿಲ್‌ನ ತಾತ ಬೇಲಿಯ ಮುಳ್ಳುತಂತಿಯಲ್ಲೇ ಮಾತು ಹರಿಸಿ ಕಂಪನಿ ಕಟ್ಟಿದ ಕಾಲದಿಂದ ಬಂದ ಕಟ್ಟಳೆ ಅದು.

ಆವತ್ತು ಫ್ರ್ಯಾಂಕ್ ಏಳನೇ ಲೈನಿನ ಕಂಬ ಹತ್ತಿದ್ದ. ವೆನ್ಸಿಲ್‌ನ ತಾಯಿ ಲಿಬ್ಬಿ ಬಿಲ್ಲೆ ಹಾಕಿ, ಎಮಿಲ್‌ನನ್ನು ಬೋರ್ಡಿನ ಮುಂದೆ ಕೂರಿಸಿ, ಒಲೆಯ ಮೇಲಿನ ಸಾರು ನೋಡಲು ಹಿಂದಿನ ಕೋಣೆಗೆ ಹೋದಳು. ಬಂದು ನೋಡಿದರೆ ಬಿಲ್ಲೆ ಎಮಿಲ್‌ನ ಕಾಫಿ ಲೋಟದ ಪಕ್ಕ ಮೇಜಿನ ಮೇಲಿತ್ತು. "ಏಳನೇ ಲೈನಿನವರು ದರ ಕೇಳಿಸ್ಲಿಲ್ಲ ಅಂತ ನಾಳೆ ಬಂದು ನನ್ನ ಪ್ರಾಣ ತಿಂತಾರೆ. ಒಂದೇ ಗಂಟೆ ತಾನೆ," ಎಂದಿದ್ದನಂತೆ. ಕಂಬದ ತುದಿಯ ಅಡ್ಡಪಟ್ಟಿ ದಾಟುವಾಗ ಯಾವ ಲೈನ್‌ಮನ್ ಆದರೂ ಒಂದು ಗಳಿಗೆ ಬೆಲ್ಟ್ ಬಿಚ್ಚಲೇಬೇಕು. ಫ್ರ್ಯಾಂಕ್ ಬಿಚ್ಚಿದ್ದು ಆ ಗಂಟೆ ಹೊಡೆದ ಗಳಿಗೆಯಲ್ಲೇ.

ವೆನ್ಸಿಲ್ ಸ್ಕೂಲು ಬಿಟ್ಟು ಅಪ್ಪನ ಬೆಲ್ಟ್ ಸೊಂಟಕ್ಕೆ ಬಿಗಿದ ದಿನ ತಾಯಿ ಇದನ್ನು ಹೇಳಿದ್ದಳು. ಒಂದೇ ಸಲ. ಮತ್ತೆ ಆ ಮಾತು ಎತ್ತಲಿಲ್ಲ. ಬೋರ್ಡೂ ಎಮಿಲ್‌ನದು, ಅದರ ಹಿಂದೆ ಇವರು ಬದುಕುವ ಎರಡು ಕೋಣೆಗಳೂ ಎಮಿಲ್‌ನವು.

ಇವತ್ತು ಬೆಳಿಗ್ಗೆ ವೆನ್ಸಿಲ್ ಆ ಪುಟವನ್ನು ತಾಯಿಯ ಮುಂದೆ ಹಿಡಿದಿದ್ದ. ಲಿಬ್ಬಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

"ಸಭೇಲಿ ಕೂಗಾಡ್ಬೇಡ," ಎಂದಳು. "ನೀನು ಕೂಗಾಡಿದ್ರೆ ಜನಕ್ಕೆ ನಿನ್ನ ಕೂಗು ನೆನಪಿರತ್ತೆ. ನಿಮ್ಮಪ್ಪ ನೆನಪಿರಲ್ಲ."

ಅದಕ್ಕೇ ಈಗ ಬಾಯಿ ಕಟ್ಟಿಕೊಂಡು ನಿಂತಿದ್ದ. ಆ ಮೈಕು ಕಿತ್ತು ದೊಡ್ಡಪ್ಪನ ಗಂಟಲಿಗೆ ತುರುಕಬೇಕು ಅನ್ನಿಸುತ್ತಿತ್ತು. ದೊಡ್ಡಪ್ಪನ ಮಾತಿಗೆ ನಗುತ್ತಿರುವ ಇವರು, ಬಿರುಗಾಳಿಯಲ್ಲಿ ತಂತಿ ಹರಿದಾಗ ತನ್ನ ಹೆಸರೇ ಕೂಗುವ ಇವರು, ಇವರನ್ನೆಲ್ಲ ಒಂದು ಚಳಿಗಾಲವಿಡೀ ಫೋನಿಲ್ಲದೆ ಕೊಳೆಯಲು ಬಿಡಬೇಕು ಅನ್ನಿಸುತ್ತಿತ್ತು.

ಎಮಿಲ್ ಗೋಡೆ ಗಡಿಯಾರ ನೋಡಿ ಕೈ ಎತ್ತಿದ. "ಸದ್ದು ಮಾಡ್ಬೇಡಿ! ಇನ್ನರ್ಧ ನಿಮಿಷ. ಐವತ್ತು ವರ್ಷದಿಂದ ತಪ್ಪದ ನಮ್ಮ ಗಂಟೆ, ಎಲ್ಲರೂ ಒಟ್ಟಿಗೆ ಕೂತು ಕೇಳೋಣ."

ಇನ್ನೂರು ಜನ ಬಾಗಿಲ ಪಕ್ಕದ ಫೋನಿನತ್ತ ತಿರುಗಿದರು. ಮುಳ್ಳು ಹನ್ನೆರಡಕ್ಕೆ ಬಂತು. ದಾಟಿತು. ಯಾರೋ ಕೆಮ್ಮಿದರು. ಹನ್ನೆರಡು ಮೂರು. ಹನ್ನೆರಡು ನಾಲ್ಕು.

"ಲಿಬ್ಬಿ ನಿದ್ದೆ ಹೋದಳೇನೋ!" ಎಂದು ಹಿಂದಿನಿಂದ ಯಾರೋ ಅಂದರು. ಈ ಸಲ ನಗು ಅಷ್ಟಾಗಿ ಬರಲಿಲ್ಲ.

ಫೋನಿನ ಹತ್ತಿರ ಕೂತಿದ್ದ ಆಗ್ನೆಸ್ ಅಜ್ಜಿ ಎದ್ದು ರಿಸೀವರ್ ತೆಗೆದು ಹಿಡಿ ತಿರುಗಿಸಿದಳು. ಏಳನೇ ಲೈನಿನ ಕೊನೆಯ ಮನೆ ಅವಳದು.

"ಲಿಬ್ಬೀ, ಏನಾಯ್ತೇ? ಗಂಟೆ ಎಲ್ಲಿ?" ಕೇಳಿಸಿಕೊಂಡಳು. ತಿರುಗಿ ಸಭೆಗೆ ಹೇಳಿದಳು, "ಯಾರೋ ಕಂಬದ ಮೇಲಿದ್ದಾರಂತೆ. ಬಿಲ್ಲೆ ಹಾಕಿದಾಳಂತೆ. ಗಂಟೆ ಹೊಡೆಯೋ ಹಾಗಿಲ್ವಂತೆ."

"ಕಂಬದ ಮೇಲಾ? ಲೈನ್‌ಮನ್ ಇಲ್ಲೇ ನಿಂತಿದಾನಲ್ಲ!" ಎಮಿಲ್ ಕಿರುಚಿದ. "ಯಾವ ಲೈನು ಕೇಳು!"

ಅಜ್ಜಿ ಕೇಳಿದಳು. ಉತ್ತರ ಬಂದ ಮೇಲೆ ರಿಸೀವರ್ ಮೆಲ್ಲಗೆ ಕೆಳಗಿಟ್ಟಳು.

"ಎಲ್ಲಾ ಲೈನೂ ಅಂತೆ."

ಅಜ್ಜಿ ತನ್ನ ಮುಂದಿದ್ದ ನೀಲಿ ಪುಸ್ತಕ ತೆರೆದು ಪುಟ ಹುಡುಕಿದಳು. ಬೆರಳಿಟ್ಟು ಓದಿದಳು. ತಲೆ ಎತ್ತಿದಳು.

"ಆವತ್ತು ನಮ್ಮ ಲೈನಿಗೂ ಗಂಟೆ ಬಂದಿತ್ತಲ್ಲ ಎಮಿಲ್," ಎಂದಳು. "ನಾನೇ ಎತ್ತಿದ್ದೆ. ಹಂದಿ ದರ ಹೇಳಿದ್ದು ನೀನೇ."

ಮೊದಲ ಸಾಲಿನಲ್ಲಿ ಒಬ್ಬ ಮುದುಕ ತೊಡೆಯ ಮೇಲಿದ್ದ ಪುಸ್ತಕವನ್ನು ಬೋರಲಾಗಿ ಮೇಜಿನ ಮೇಲಿಟ್ಟ. ಎಮಿಲ್‌ನ ಕೊರಳು ಕೆಂಪಗಾಗಿತ್ತು.

"ಏ ವೆನ್ಸಿಲ್! ನಿಮ್ಮಮ್ಮನಿಗೆ ತಲೆ ಕೆಟ್ಟಿದೆಯೇನೋ? ಹೋಗು, ಬಿಲ್ಲೆ ತೆಗಿ ಅಂತ ಹೇಳು. ಈಗ್ಲೇ! ಇಲ್ಲಾಂದ್ರೆ ಸಂಜೆಯೊಳಗೆ ಇಬ್ಬರೂ ಕೋಣೆ ಖಾಲಿ ಮಾಡಿ. ಕೇಳಿಸ್ತೇನೋ?"

ವೆನ್ಸಿಲ್ ಪುಸ್ತಕವನ್ನು ವೇದಿಕೆಯ ಅಂಚಿಗಿಟ್ಟ. ಹನ್ನೊಂದನೇ ಪುಟ ಮೇಲಾಗಿ ಇಟ್ಟ. ಕುರ್ಚಿಗಳ ನಡುವೆ ಬಾಗಿಲತ್ತ ನಡೆದ. ಜನ ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟರು.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ರಸ್ತೆಯಾಚೆ ಕಂಪನಿಯ ಕಿಟಕಿಯಲ್ಲಿ ಲಿಬ್ಬಿ ಬೋರ್ಡಿನ ಮುಂದೆ ಮಡಿಲಲ್ಲಿ ಕೈಯಿಟ್ಟು ನೆಟ್ಟಗೆ ಕೂತಿದ್ದಳು. ಅವಳೆದುರು ಹನ್ನೆರಡು ಕೆಂಪು ಬಿಲ್ಲೆಗಳು ಸಾಲಾಗಿ ನೇತಾಡುತ್ತಿದ್ದವು.

"ಕೇಳಿಸ್ತೇನೋ?" ಹಿಂದೆ ಬಾಗಿಲಿನಿಂದ ಎಮಿಲ್ ಇನ್ನೂ ಕೂಗುತ್ತಿದ್ದ.

ವೆನ್ಸಿಲ್ ತಿರುಗಲಿಲ್ಲ, ಬಿಲ್ಲೆ ತೆಗೆಸಲು ಕಂಪನಿಯ ಬಾಗಿಲಿಗೂ ಹೋಗಲಿಲ್ಲ. ಗಾಳಿಗೆ ತಂತಿಗಳು ಗುಂಯ್ಗುಡುವ ಕಂಬಗಳ ಸಾಲಿನ ಕೆಳಗೆ ನಡೆಯುತ್ತಲೇ ಹೋದ.