ಗಂಟಿನ ಗುಣ

ಅಜ್ಜಿಯ ಕತ್ತಿನ ಗಂಟನ್ನು ತೆಗೆಸಲೇಬೇಕು, ಬಿಟ್ಟರೆ ಉಸಿರಿಗೇ ತೊಂದರೆ ಎಂದು ಮೂಡುಬಿದಿರೆಯ ಡಾಕ್ಟರು ಹೇಳಿದ್ದರು. ಅಜ್ಜಿ ಒಪ್ಪಲಿಲ್ಲ. ಪರೀಕ್ಷೆಯ ವರದಿಯಲ್ಲಿ ‘ಬಿನೈನ್’ ಎಂದಿತ್ತು. ನಾವೆಲ್ಲ ಅದನ್ನು “ಎಂತ ಸಹ ಇಲ್ಲ ಅಜ್ಜಿ” ಎಂದು ತಿಳಿಸಿದ್ದೆವು. ಅಂದಿನಿಂದ ಅವರು ಒಳ್ಳೊಳ್ಳೆಯ ಸೀರೆಗಳನ್ನೆಲ್ಲ ಹಂಚತೊಡಗಿದರು.

ನಾನು ಅವರ ಕಥೆ ಕೇಳುತ್ತಲೇ ಬೆಳೆದವಳು. ಅವರ ಕಥೆಗಳಲ್ಲಿ ಕಾಡಿನಲ್ಲಿ ಎದುರಾದವನ ಹೆಸರನ್ನು ಯಾರೂ ಕೇಳುವುದಿಲ್ಲ, ಗುಣ ಕೇಳುತ್ತಾರೆ.

ಭಾನುವಾರ ರೊಮೇನಿಯಾದಿಂದ ಸಾತ್ವಿಕಾಳ ಫೋನ್ ಬಂತು. ಸುಧಾಕರ ಮಾವನ ಮಗಳು, ಅಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಫೋನನ್ನು ಸ್ಪೀಕರಿಗೆ ಹಾಕಿ ಅಜ್ಜಿಯ ಕೈಗೆ ಕೊಟ್ಟೆ.

“ಊಟ ಆಯ್ತಾ ಅಜ್ಜಿ?”

“ಊಟ ಇರ್ಲಿ. ನನ್ನ ಗಂಟು ಎಂಥದ್ದು, ಅದು ಹೇಳು. ಇವರೆಲ್ಲ ಎಂತ ಇಲ್ಲ ಅಂತ ಹೇಳ್ತಾರೆ. ನಿನ್ನ ಅಜ್ಜನಿಗೆ ಕೊನೆವರೆಗೆ ನಾನೂ ಹೀಗೆಯೇ ಹೇಳಿದ್ದು.”

ಪೇಪರ್ ಓದುತ್ತಿದ್ದ ಮಾವ ತಲೆ ಎತ್ತಿದರು. ಸೀರೆಗಳು ಯಾಕೆ ಹೋಗುತ್ತಿದ್ದವೆಂದು ನಮಗೆ ಆಗ ತಿಳಿಯಿತು.

ಸಾತ್ವಿಕಾ ಸ್ವಲ್ಪ ಯೋಚಿಸಿದಳು. “ಬಿನೈನ್ ಅಂದ್ರೆ ಸಾಧು ಅಜ್ಜಿ. ಕೊಲ್ಲುವ ಜಾತಿ ಅಲ್ಲ. ಇಲ್ಲಿನ ಡಾಕ್ಟರುಗಳೂ ಹಾಗೇ ಹೇಳ್ತಾರೆ. ಆದ್ರೆ ಇಲ್ಲಿಯ ಭಾಷೆಯಲ್ಲಿ ಇನ್ನೊಂದು ಲೆಕ್ಕ ಉಂಟು. ಕಾಯಿಲೆ ಭಾರದ್ದಾ, ಹಗುರದ್ದಾ ಅಂತ. ಭಾರಕ್ಕೆ ‘ಗ್ರ್ಯಾ’, ಹಗುರಕ್ಕೆ ‘ಉಶ್ವಾರ’.”

“ಹುಲ್ಲಿನ ಹೊರೆಯ ಹಾಗೆ?”

“ಹಾಗೆಯೇ.”

“ನನ್ನದು?”

ಹಗುರ ಎಂದುಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಸಾಧು, ಆದ್ರೆ ಹಗುರ ಅಲ್ಲ. ಆಪರೇಷನ್ ಆದ್ಮೇಲೆ ನೋವು ಉಂಟು, ಸ್ವರ ಸ್ವಲ್ಪ ದಿನ ಒಡೀಬಹುದು. ಇಳಿಸದಿದ್ರೆ ಇನ್ನೂ ಭಾರ ಆಗ್ತದೆ.”

ಅಜ್ಜಿ ಮಾವನ ಕಡೆ ತಿರುಗಿದರು. “ಭಾರ ಅಂತ ಹೇಳಿದ್ರೆ ಇಳಿಸ್ಲಿಕ್ಕೆ ನಾಲ್ಕು ಜನ ಕೈ ಕೊಡ್ತಾರೆ. ಎಂತ ಇಲ್ಲ ಅಂದ್ರೆ ಯಾರನ್ನು ಕರೆಯುದು ಮಾರಾಯ? ನಾಳೆ ಹೋಗುವ.”

ಆಪರೇಷನ್ ಚೆನ್ನಾಗಿ ಆಯಿತು. ಬೆಳುವಾಯಿಯ ಮನೆಗೆ ಮರಳಿದಾಗ ಅಜ್ಜಿಯ ಸ್ವರ ನಿಜಕ್ಕೂ ಒಡೆದಿತ್ತು. ಆ ಒಡಕು ಸ್ವರದಲ್ಲೇ ಸಾತ್ವಿಕಾಳಿಗೆ ಫೋನ್ ಮಾಡಿಸಿದರು.

“ಉಪಕಾರ ಆಯ್ತು ಅನ್ಲಿಕ್ಕೆ ನೀನಿರುವ ಊರಲ್ಲಿ ಎಂತ ಹೇಳ್ತಾರೆ?”

“ಮುಲ್ತ್ಸುಮೆಸ್ಕ್.”

“ಅದನ್ನು ಹೇಳ್ಲಿಕ್ಕೆ ಇನ್ನೊಂದು ಆಪರೇಷನ್ ಬೇಕು. ನೀನೇ ಹೇಳಿಬಿಡು.”

“ಯಾರಿಗೆ ಅಜ್ಜಿ?”

“ಕಾಯಿಲೆಗೆ ಭಾರ ಉಂಟು ಅಂತ ಮೊದಲು ಹೇಳಿದವರ ಮಕ್ಕಳು ಮರಿ ಅಲ್ಲಿ ಇರ್ತಾರಲ್ಲ, ಅವರಿಗೆ.”