ಅತಿಥಿಗಳ ಪಾಯಖಾನೆ

"ಏ ಹಣಮಿ, ಕುಂಡಿ ಸರಸು ಆಕಡಿ. ಇತಿಹಾಸ ಕಾಣವಲ್ದು."

ಗುತ್ತಿಗೆದಾರ ಶಿವಲಿಂಗ ಹೀಗೆ ಕೂಗಿದಾಗ ಹಣಮಮ್ಮ ಕಾರ್ಖಾನೆಯ ಹೊಸ ಸಭೆಯ ಹಾಲಿನ ನೆಲಕ್ಕೆ ಅಂಟಿದ್ದ ಬಣ್ಣದ ಕಲೆಗಳನ್ನು ಬ್ಲೇಡಿನಿಂದ ಕೆರೆಯುತ್ತ ಕೂತಿದ್ದಳು. ಫೋಟೋದವನು ಗೋಡೆಯ ಚಿತ್ರಗಳನ್ನು ಕ್ಯಾಮೆರಾದಲ್ಲಿ ಹಿಡಿಯಲು ನೋಡುತ್ತಿದ್ದ. ಪ್ರತಿ ಸಲವೂ ಕೆಳಗಿನ ಮೂಲೆಯಲ್ಲಿ ಆಕೆಯ ಬೆನ್ನು ಬಂದು ಕೂಡುತ್ತಿತ್ತು. ಹಣಮಮ್ಮ ಕೂತಲ್ಲೇ ಒಂದು ಮೊಳ ಸರಿದು ಕತ್ತೆತ್ತಿ, ಅಷ್ಟು ದೊಡ್ಡ ಇತಿಹಾಸ ತನ್ನ ಹಿಂದೆ ಅದು ಹೇಗೆ ಅಡಗಿತ್ತೋ ಎಂದು ನೋಡಿದಳು.

ಗೋಡೆಯ ತುಂಬ ಕಂಪನಿಯ ಕಥೆ. ಬಸ್ಸು ಕಟ್ಟುವ ಈ ಪರದೇಶಿ ಕಂಪನಿ ಕಲಬುರಗಿ ಸೀಮೆಗೆ ಬಂದು ಇಪ್ಪತ್ತೈದು ವರ್ಷ ತುಂಬಿತೆಂದು ಕಮಲಾಪುರದ ಕಾರ್ಖಾನೆಯಲ್ಲಿ ಸಮಾರಂಭದ ತಯಾರಿ ನಡೆದಿತ್ತು. ಕಂಪನಿಯ ಹೆಸರು ಹೇಲ್ಬೋರ್ಗ್. ಅದನ್ನು ಸ್ಥಾಪಿಸಿದ ಅಜ್ಜನ ಹೆಸರಂತೆ, ಅವರ ದೇಶದಲ್ಲಿ ಬಲು ಮರ್ಯಾದೆಯ ಹೆಸರಂತೆ. ಆದರೆ ಆ ಅಜ್ಜನಿಗೆ ಕನ್ನಡ ಬರುತ್ತಿರಲಿಲ್ಲ. ಬೋರ್ಡು ಏರಿದ ವಾರದಲ್ಲೇ ಹುಮನಾಬಾದ ಬಸ್ಸಿನ ಕಂಡಕ್ಟರುಗಳು "ಹೇಲಬುರ್ಗಿ ಇಳಿಯೋರು ಬರ್ರಿ" ಎಂದು ಕೂಗತೊಡಗಿದರು. ಪುಣೆಯಿಂದ ಬಂದ ಸಾಹೇಬರಿಗೆ ಬಸ್ಸಿನ ಮಂದಿಯೆಲ್ಲ ಯಾಕೆ ನಗುತ್ತಾರೋ ತಿಳಿಯಲಿಲ್ಲ. ತಿಳಿದವನೆಂದರೆ ಪರ್ಸೊನೆಲ್ ಆಫೀಸರ್ ವಿವೇಕಾನಂದ ಒಬ್ಬನೇ, ಅವನು ಕಲಬುರಗಿಯ ಬ್ರಹ್ಮಪುರದ ಮನೆಯವನು. ಅವನು ಫೋನಿನಲ್ಲಿ ಕಂಪನಿಯ ಹೆಸರು ಹೇಳುವಾಗ ಮೊದಲ ಅಕ್ಷರವನ್ನು ಆದಷ್ಟು ಕಿರಿದು ಮಾಡಿ, ಬಿಸಿ ಅನ್ನ ಬಾಯಿಗೆ ಬಿದ್ದವನಂತೆ ಹಾರಿಸಿಬಿಡುತ್ತಿದ್ದ.

ಗೋಡೆಯ ಮೊದಲ ಚಿತ್ರದಲ್ಲಿ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಒಂದು ಗೋದಾಮು ಇತ್ತು. ಬೇಳೆ ವ್ಯಾಪಾರದ ಸಾಹುಕಾರನೊಬ್ಬ ಬಿಳಿಯ ಮನುಷ್ಯನಿಗೆ ಹಾರ ಹಾಕುತ್ತಿದ್ದ. ಆ ಗೋದಾಮಿನಲ್ಲಿ ಹಣಮಮ್ಮ ಹುಡುಗಿಯಾಗಿದ್ದಾಗ ತನ್ನ ಅವ್ವನ ಜೊತೆ ತೊಗರಿ ಹಸನು ಮಾಡುತ್ತಿದ್ದಳು. ಬಿಳಿಯ ಬಂದ ದಿನ ಮುನೀಮ ಓಡಿ ಬಂದು ಹೆಂಗಸರನ್ನೆಲ್ಲ ಹಿಂದಿನ ಬಾಗಿಲಿಂದ ಹೊರಗೆ ಹಾಕಿದ್ದ. ತೊಗರಿಯ ದೂಳು ನಿಮ್ಮ ಮೈಯಿಂದ ಏಳುತ್ತದೆ, ಪರದೇಶದವರಿಗೆ ಸೀನು ಬರುತ್ತದೆ ಎಂದಿದ್ದ. ಮರುದಿನದಿಂದ ಗೋದಾಮಿನಲ್ಲಿ ತೊಗರಿ ಇರಲಿಲ್ಲ, ಕಬ್ಬಿಣವಿತ್ತು. ಮುಂದೆ ಸಾಹುಕಾರ ಕಂಪನಿಗೆ ಅರ್ಧ ಪಾಲು ಮಾರಿದ, ಆಮೇಲೆ ಉಳಿದರ್ಧವನ್ನೂ ಮಾರಿ ಶಹಾಬಜಾರದ ಹಳೆಯ ಮನೆಗೆ ಮೂರು ಅಂತಸ್ತು ಏರಿಸಿದ.

ಹಣಮಮ್ಮನನ್ನು ಕಮಲಾಪುರಕ್ಕೆ ಕೊಟ್ಟರು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಕಂಪನಿಯೂ ಅಲ್ಲಿಗೇ ಬಂತು. ಊರ ಹೊರಗೆ ದನ ಮೇಯುವ ಗೈರಾಣ ಹೊಲಕ್ಕೆ ಎತ್ತರದ ಗೋಡೆ ಎದ್ದಿತು. "ನನ್ನ ಬೆನ್ನು ಬಿಡವಲ್ದು ನೋಡು. ಗಂಡ ಬಿಟ್ಟರೂ ಇದು ಬಿಡಂಗಿಲ್ಲ" ಎಂದು ಹಣಮಮ್ಮ ಕೇರಿಯಲ್ಲಿ ನಗೆಯಾಡುತ್ತಿದ್ದಳು. ಗಂಡ ತೀರಿದ ಮೇಲೆ ಅದೇ ಕಂಪನಿಯಲ್ಲಿ ಕಸ ಗುಡಿಸಲು, ಪಾಯಖಾನೆ ತೊಳೆಯಲು ಗುತ್ತಿಗೆಯ ಮೇಲೆ ಸೇರಿದಳು. ಕೇರಿಯ ಇನ್ನೂ ಕೆಲವು ಹೆಂಗಸರು ಸೇರಿದ್ದರು.

ಸಮಾರಂಭಕ್ಕೆ ವಾರವಿರುವಾಗ ವಿವೇಕಾನಂದ ಆಕೆಯನ್ನು ಕುರ್ಚಿಯ ಮೇಲೆ ಕೂಡಿಸಿದ. ಕುರ್ಚಿಯ ಮೇಲೆ ಮೊದಲು ಪೇಪರು ಹಾಸಿಸಿದ, ಅದು ಬೇರೆ ಮಾತು. ಕಂಪನಿಯ ಕಥೆಯ ಸಿನಿಮಾ ಮಾಡುತ್ತಿದ್ದರು, ಅದರಲ್ಲಿ ಊರಿನ ಹಳೆಯ ಹೆಂಗಸೊಬ್ಬಳು ಎರಡು ಮಾತು ಆಡಬೇಕಿತ್ತು. ಕಂಪನಿ ಬರುವ ಮುಂಚೆ ಇಲ್ಲಿ ಏನೂ ಇರಲಿಲ್ಲ, ಬರೀ ಬಂಜರು, ಕಂಪನಿ ಬಂದು ನಮ್ಮ ಬಾಳು ಬೆಳಗಿತು, ಇಷ್ಟು ಅಂದರೆ ಸಾಕು ಎಂದು ಅವನು ಎರಡು ಸಲ ಹೇಳಿಕೊಟ್ಟ.

ಹಣಮಮ್ಮ ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಕಡೆ ನೋಡಿದಳು.

"ಏನೂ ಇದ್ದಿಲ್ಲ ಅಂದ್ರ ಸುಳ್ಳಾಗ್ತದ್ರಿ ಸಾಹೇಬ್ರ. ನಾವು ಇದ್ದೆವಲ್ಲ. ನಮ್ಮ ಕೇರಿ ಹೆಂಗಸರೆಲ್ಲ ಹೊರಕಡಿಗೆ ಇದೇ ಹೊಲಕ್ಕ ಬರ್ತಿದ್ದೆವು. ಜಾಲಿ ಗಿಡ ಇದ್ದವು, ಮರೆ ಇತ್ತು. ಈಗ ನೀವು ಮೀಟಿಂಗ್ ಮಾಡ್ತೀರಲ್ಲ, ಆ ಖೋಲಿ ನಮ್ಮ ಅತ್ತಿ ಕೂಡೋ ಜಾಗ."

ಕ್ಯಾಮೆರಾದವನ ಹೆಗಲು ನಗೆಗೆ ಕುಣಿಯಿತು. ವಿವೇಕಾನಂದ ಕೈ ಅಡ್ಡ ಹಿಡಿದು ನಿಲ್ಲಿಸಿದ. ಅವನು ಕೆಟ್ಟವನಲ್ಲ. ಬೈಯಲಿಲ್ಲ. ಅಂಥದ್ದೆಲ್ಲ ಇತಿಹಾಸದಲ್ಲಿ ಬರುವುದಿಲ್ಲಮ್ಮಾ ಎಂದು ಸಮಾಧಾನದಿಂದಲೇ ಹೇಳಿ, ಕ್ಯಾಂಟೀನಿನ ಲೆಕ್ಕ ಬರೆಯುವವನ ಹೆಂಡತಿಯನ್ನು ಕರೆಸಿ ಅವಳಿಂದ ಆಡಿಸಿದ. ಆಕೆ ಊರಿಗೆ ಬಂದು ಮೂರು ತಿಂಗಳಾಗಿತ್ತು. ಬಾಳು ಬೆಳಗಿದ್ದನ್ನು ಬಹಳ ಚೆಂದ ಹೇಳಿದಳು, ಕಣ್ಣಲ್ಲಿ ನೀರೂ ತಂದಳು.

ಗೋಡೆ ಎದ್ದ ಮೇಲೆ ಕೇರಿಯ ಹೆಂಗಸರು ಹೈವೇ ದಾಟಿ ಹೋಗತೊಡಗಿದ್ದರು. ಈಗ ಮನೆಗಳಲ್ಲಿ ಸರಕಾರದ ಸಂಡಾಸುಗಳು ಬಂದಿದ್ದವು, ಕೆಲವುಗಳಲ್ಲಿ ನೀರೂ ಇತ್ತು. ಆದರೆ ಕಂಪನಿಯೊಳಗೆ, ಬೆಳಗಿಂದ ಸಂಜೆಯವರೆಗೆ ಕಂಪನಿಯ ಪಾಯಖಾನೆಗಳನ್ನೆಲ್ಲ ತೊಳೆಯುವ ಇವರಿಗೆ ಒಂದೂ ಇರಲಿಲ್ಲ. ಕೇಳಿದರೆ ಶಿವಲಿಂಗ, ನೀವು ಕಂಪನಿಯವರಲ್ಲ, ನನ್ನ ಮಂದಿ ಎನ್ನುತ್ತಿದ್ದ. ಹಾಗಾದರೆ ನಿನ್ನದಾದರೂ ತೋರಿಸು ಎಂದರೆ ನಗುತ್ತಿದ್ದ. ಗುಜರಿ ಅಂಗಳದಲ್ಲಿ, ಮುರಿದ ಬಸ್ಸಿನ ಚಾಸಿಗಳ ಹಿಂದೆ, ಒಬ್ಬಳು ಕಾವಲಿದ್ದು ಇನ್ನೊಬ್ಬಳು ಹೋಗುವುದು ರೂಢಿಯಾಗಿತ್ತು. ಮುದುಕಿ ಭಾಗಮ್ಮನಿಗೆ ಸಕ್ಕರೆ ಬೇನೆ. ಆಕೆ ಮೇಲಿಂದ ಮೇಲೆ ಹೋಗುವವಳು. ವೆಲ್ಡಿಂಗ್ ಮಾಡುವ ಗಂಡಸರು ಆಕೆಯನ್ನು "ಸೂಪರ್‌ಫಾಸ್ಟ್" ಎಂದು ಕರೆಯುತ್ತಿದ್ದರು.

ಈಗ ಹೊಸ ಹಾಲಿನ ಮಗ್ಗುಲಿಗೆ ಅತಿಥಿಗಳಿಗೆಂದು ಹೊಸ ಪಾಯಖಾನೆ ಕಟ್ಟಿದ್ದರು. ಒಂದೇ ಖೋಲಿ, ಆದರೆ ಹಣಮಮ್ಮನ ಮನೆಗಿಂತ ದೊಡ್ಡದು. ಬಿಳಿ ಕಲ್ಲಿನ ನೆಲ, ಗೋಡೆಯಗಲದ ಕನ್ನಡಿ, ಮೂಲೆಯಲ್ಲಿ ಕುಂಡದ ಗಿಡ. ಗಿಡಕ್ಕೆ ನೀರು ಹಾಕುವುದೂ ನೆಲ ಒರೆಸುವುದೂ ಹಣಮಮ್ಮನ ಪಾಲಿಗೆ ಬಂತು, ಹಾಗಾಗಿ ಕೀಲಿಯೂ ಆಕೆಯ ಹತ್ತಿರ ಇತ್ತು.

ಸಮಾರಂಭದ ದಿನ ಬೆಳಕು ಹರಿಯುವ ಮೊದಲೇ ಬಂದು ಎಲ್ಲ ಗುಡಿಸಿ ಮುಗಿಸಬೇಕು, ಅತಿಥಿಗಳು ಬಂದ ಮೇಲೆ ಒಬ್ಬಳ ಸೆರಗೂ ಕಾಣಬಾರದು ಎಂದು ಶಿವಲಿಂಗ ಅಪ್ಪಣೆ ಮಾಡಿದ್ದ. ಗುಜರಿ ಅಂಗಳಕ್ಕೆ ಹಸಿರು ಪರದೆ ಕಟ್ಟಿಸಿ, ಅದರ ಹಿಂದೆ ಕೂತಿರಬೇಕೆಂದ. ಹೆಂಗಸರು ಹೋಗಿ ನೋಡಿದರೆ ಅಡುಗೆಯವರು ಆ ಅಂಗಳವನ್ನು ಆಗಲೇ ಹಿಡಿದಿದ್ದರು. ಚಾಸಿಗಳ ಹಿಂದೆ ಒಲೆ ಹೂಡಿ, ಅತಿಥಿಗಳಿಗೆ ಕೊಡಲು ತಂದ ಕಮಲಾಪುರದ ಕೆಂಪು ಬಾಳೆಗೊನೆಗಳನ್ನು ಸಾಲಾಗಿ ತೂಗುಹಾಕಿದ್ದರು. ಎಲ್ಲಿ ನೋಡಿದರೂ ಗಂಡಸರು.

ಹೆಂಗಸರು ಪರದೆಯ ಹಿಂದೆ ಕೂತರು. ಹೊತ್ತು ಏರಿತು. ಮೈಕಿನಲ್ಲಿ ಸ್ವಾಗತ, ದೀಪ, ಭಾಷಣ ಎಲ್ಲ ಕೇಳಿಸುತ್ತಿತ್ತು. ಸಿನಿಮಾದ ಬಾಳು ಬೆಳಗಿದ ಹೆಂಗಸಿನ ದನಿಗೆ ಚಪ್ಪಾಳೆಯೂ ಬಿತ್ತು. ಭಾಗಮ್ಮ ಮೊದಲು ಕಾಲಮೇಲೆ ಕಾಲು ಹಾಕಿದಳು, ಆಮೇಲೆ ಕಣ್ಣು ಮುಚ್ಚಿದಳು, ಕೊನೆಗೆ ಹಣಮಮ್ಮನ ಕೈ ಹಿಡಿದು, ಸೀರೆಯಲ್ಲೇ ಆಗಿಬಿಡುತ್ತದವ್ವ, ಇಷ್ಟು ಮಂದಿಯ ನಡುವೆ ನನ್ನ ಮಾನ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಗಂಡಸರ ಚೇಷ್ಟೆಗೆಲ್ಲ ತಿರುಗಿ ಎರಡು ಮಾತು ಕೊಡುವ ಮುದುಕಿ. ಆಕೆ ಹೀಗೆ ಕೈ ಹಿಡಿದು ಬೇಡುವುದನ್ನು ಹಣಮಮ್ಮ ಯಾವತ್ತೂ ನೋಡಿರಲಿಲ್ಲ.

ಹಣಮಮ್ಮ ಎದ್ದಳು. ಪರದೆ ಸರಿಸಿದಳು. ಭಾಗಮ್ಮನ ರಟ್ಟೆ ಹಿಡಿದು, ಹೂವಿನ ಕುಂಡಗಳ ನಡುವೆ ಹಾಸಿದ್ದ ಕೆಂಪು ಜಮಖಾನೆಯ ಮೇಲೇ ನಡೆದಳು. ಉಳಿದವರು ಹಿಂದೆ ಬಂದರು. ಯಾರೂ ತಡೆಯಲಿಲ್ಲ. ಎಲ್ಲರೂ ವೇದಿಕೆ ನೋಡುತ್ತಿದ್ದರು. ಆಕೆ ಅತಿಥಿಗಳ ಪಾಯಖಾನೆಯ ಬೀಗ ತೆಗೆದು ಭಾಗಮ್ಮನನ್ನು ಒಳಗೆ ಬಿಟ್ಟು ಬಾಗಿಲು ಮುಂದೆ ಮಾಡಿದಳು. ಮಿಕ್ಕವರು ಹೊರಗೆ ಸಾಲು ನಿಂತರು.

ಭಾಗಮ್ಮ ಬೇಗ ಬರಲಿಲ್ಲ. ಕನ್ನಡಿಯಲ್ಲಿ ತನ್ನನ್ನು ಕಾಲಿನಿಂದ ತಲೆಯವರೆಗೆ ಪೂರ್ತಿ ನೋಡಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು. ಅಷ್ಟರಲ್ಲಿ ಭಾಷಣ ಮುಗಿಸಿದ ಪರದೇಶದ ಡೈರೆಕ್ಟರು, ಇಂಗ್ರಿಡ್ ಎಂಬ ಎತ್ತರದ ಮೇಡಂ, ಇತ್ತಲೇ ಬಂದಳು. ಕಲಬುರಗಿಯಿಂದ ಬರುವ ದಾರಿಯಲ್ಲಿ ಎರಡು ಎಳನೀರು ಕುಡಿಸಿದ್ದರಂತೆ. ಹಿಂದೆ ವಿವೇಕಾನಂದ, ಅವನ ಹಿಂದೆ ಶಿವಲಿಂಗ, ಫೋಟೋದವನು. ಸಾಲು ನೋಡಿದ ಶಿವಲಿಂಗನ ಮುಖ ಬೂದಿಯಾಯಿತು. ನಾಯಿ ಓಡಿಸುವವನಂತೆ ಹಲ್ಲು ಕಚ್ಚಿ ಹಚಾ ಹಚಾ ಎಂದು ಕೈ ಬೀಸಿದ. ವಿವೇಕಾನಂದ ಮೆಲ್ಲಗೆ, ಮೇಡಂ ಅವರಿಗೆ ಬಿಡಬೇಕು, ಜಲ್ದಿ ಸರಿಯಿರಿ ಎಂದ.

"ಬಿಡ್ತೀವ್ರಿ," ಎಂದಳು ಹಣಮಮ್ಮ. "ಒಳಗ ಭಾಗಮ್ಮ ಅದಾಳ. ಆಮ್ಯಾಗ ಇವರದಾಗ್ಲಿ. ಮೇಡಮ್ಮಗ ಹಿಂದ ನಿಂದ್ರಲಿಕ್ಕ ಹೇಳ್ರಿ."

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ವಿವೇಕಾನಂದನಿಗೆ ತಿಳಿಯಲಿಲ್ಲ. ಹೇಳುವ ಪ್ರಸಂಗವೂ ಬರಲಿಲ್ಲ. ಇಂಗ್ರಿಡ್ ಸಾಲು ನೋಡಿದಳು, ನಕ್ಕಳು, ಹೋಗಿ ಕೊನೆಗೆ ನಿಂತಳು. ಅವರ ದೇಶದಲ್ಲಿ ಸಾಲು ಕಂಡರೆ ನಿಲ್ಲುವುದೇ ರೂಢಿ ಇರಬೇಕು. ಫೋಟೋದವನು ಪಟಪಟ ತೆಗೆದ. ಸರದಿ ಬಂದಾಗ ಆಕೆ ಒಳಗೆ ಹೋಗಿ, ಹೊರಗೆ ಬಂದು, ಹಣಮಮ್ಮನ ಕೈ ಕುಲುಕಿ ಹೋದಳು. ಒದ್ದೆ ಕೈ. ಹಣಮಮ್ಮನಿಗೆ ಆಕೆಯ ಮೇಲೆ ಒಂಥರಾ ಅಕ್ಕರೆ ಬಂತು.

ಎರಡು ದಿನದಲ್ಲಿ ಆ ಫೋಟೋ ಬಾಗಿಲಗಲ ದೊಡ್ಡದಾಗಿ ಇತಿಹಾಸದ ಗೋಡೆಯ ತುದಿಗೆ ಬಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ವಿವೇಕಾನಂದ ಹೆಂಗಸರಿಗೆ ಓದಿ ಹೇಳಿದ. ಇಲ್ಲಿ ದೊಡ್ಡವರು ಸಣ್ಣವರು ಎಲ್ಲರೂ ಒಂದೇ ಸಾಲಿನಲ್ಲಿ ಎಂದು ಇತ್ತು. ಅವನ ಮುಖದಲ್ಲಿ ಖರೇನೇ ಖುಷಿ ಇತ್ತು. ಹೆಂಗಸರೂ ತಮ್ಮ ಮುಖಗಳನ್ನು ಬೆರಳಿಟ್ಟು ಹುಡುಕಿಕೊಂಡು ನಕ್ಕರು. ನಾ ಎಲ್ಲಿದ್ದೀನಿ ಎಂದು ಭಾಗಮ್ಮ ತಕರಾರು ತೆಗೆದಳು. ನೀ ಒಳಗಿದ್ದೆಯಲ್ಲವ್ವ ಎಂದು ಎಲ್ಲರೂ ಇನ್ನಷ್ಟು ನಕ್ಕರು.

ನಗುನಗುತ್ತಲೇ ಬಕೆಟ್ಟು ಹಿಡಿದು ಹೋದ ಹಣಮಮ್ಮ ಪಾಯಖಾನೆಯ ಮುಂದೆ ನಿಂತಳು. ಬಾಗಿಲಿಗೆ ಬೇರೆ ಬೀಗ ಬಿದ್ದಿತ್ತು, ಮುಷ್ಟಿ ಗಾತ್ರದ್ದು. ಆಕೆಯ ಕೀಲಿ ಅದರೊಳಗೆ ಹೋಗಲೇ ಇಲ್ಲ. ಬಾಗಿಲ ಪಕ್ಕಕ್ಕೆ, ಒಡೆದ ಸಿಮೆಂಟಿನ ಚೂರುಗಳ ಜೊತೆ, ಒಳಗಿದ್ದ ಬಿಳಿಯ ಕಮೋಡು ಅಡ್ಡ ಬಿದ್ದಿತ್ತು. ಒಂದು ಗೀರು ಬಿದ್ದಿರದ ಹೊಸ ಕಮೋಡು.

ಶಿವಲಿಂಗ ಅಲ್ಲೇ ನಿಂತಿದ್ದ.

"ಹೊಸಾದು ಹಾಕಸೀವಿ," ಎಂದ. "ನಿಮ್ಮಂಥವರು ಕೂತ ಮ್ಯಾಲ ಅದರ ಮ್ಯಾಲ ಮತ್ತ ಯಾರು ಕೂಡಬೇಕು? ಫೋಟೋ ಹಾಕ್ಯಾರಲ್ಲ, ಅದನ್ನ ನೋಡ್ಕೋತ ಉಚ್ಚಿ ಹಿಡ್ಕೋರಿ."

"ಆ ಮೇಡಮ್ಮೂ ನಾವು ಕೂತ ಮ್ಯಾಲೇ ಕೂತಾಳ್ರಿ," ಎಂದಳು ಹಣಮಮ್ಮ. "ಆಕಿನ್ನೂ ಕಿತ್ತು ಒಗಿಯವ್ರೇನು?"

ಶಿವಲಿಂಗ ಆಕೆಯ ಅವ್ವನನ್ನೂ ಜಾತಿಯನ್ನೂ ಸೇರಿಸಿ ಒಂದು ಹೊಲಸು ಬೈಗುಳ ಬೈದ. ಸೋಮವಾರದಿಂದ ಯಾರೂ ಬರುವುದು ಬೇಡ, ಬೇರೆ ಊರಿಂದ ಹೆಂಗಸರನ್ನು ತರಿಸುತ್ತೇನೆ ಎಂದು ಹೇಳಿ ಆಫೀಸಿನ ಕಡೆ ಹೋದ.

ಹಣಮಮ್ಮ ಬಕೆಟ್ಟು ಅಲ್ಲೇ ಇಟ್ಟಳು. ನೆಟ್ಟಗೆ ವೆಲ್ಡಿಂಗ್ ಶೆಡ್ಡಿಗೆ ನಡೆದಳು. ಮೈಬೂಬ ಅಲ್ಲಿ ಬಸ್ಸಿನ ಪಕ್ಕೆಗೆ ಗ್ರೈಂಡರ್ ಯಂತ್ರದಿಂದ ತಗಡು ಕತ್ತರಿಸುತ್ತಿದ್ದ. ಅವನೂ ಗುತ್ತಿಗೆಯವನೇ, ಭಾಗಮ್ಮನಿಗೆ ಸೂಪರ್‌ಫಾಸ್ಟ್ ಎಂದು ಹೆಸರಿಟ್ಟವನು. ಒಂದು ಬೀಗ ಕತ್ತರಿಸಿ ಕೊಡಬೇಕು ಎಂದು ಕೇಳಿದಳು. ಯಾವ ಬೀಗ ಎಂದು ಅವನು ಕೇಳಲಿಲ್ಲ. ಕಮೋಡಿನ ಸುದ್ದಿ ಶೆಡ್ಡಿಗೆ ಆಗಲೇ ಮುಟ್ಟಿತ್ತು. ತಲೆ ತಗ್ಗಿಸಿ, ಮನೆಯಲ್ಲಿ ಮೂರು ಮಕ್ಕಳಿದ್ದಾರೆ ಎಂದ. ಆಮೇಲೆ ಕಿಡಿ ತಡೆಯುವ ಕನ್ನಡಕ ಬಿಚ್ಚಿ ಗ್ರೈಂಡರಿನ ಪಕ್ಕಕ್ಕೆ ಇಟ್ಟ.

"ನಾ ಚಾ ಕುಡದು ಬರ್ತೀನಿ ಅಕ್ಕ. ನಾ ಇಲ್ದಾಗ ಯಾರು ಏನ್ ಒಯ್ದರು, ನನಗೇನು ಗೊತ್ತು? ಬಟನ್ ಎಡಕ್ಕ ಅದ. ಎರಡೂ ಕೈಲೆ ಗಟ್ಟಿ ಹಿಡೀಬೇಕು, ಇಲ್ಲಂದ್ರ ಜಿಗೀತದ."

ವೈರು ಉದ್ದಕ್ಕಿತ್ತು. ಇತಿಹಾಸದ ಹಾಲನ್ನು ದಾಟಿ ಬಾಗಿಲವರೆಗೆ ಮುಟ್ಟಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಹಣಮಮ್ಮ ಗಂಡಸರ ಕನ್ನಡಕ ಏರಿಸಿ, ಸೆರಗು ಸೊಂಟಕ್ಕೆ ಬಿಗಿದು, ಬಟನ್ ಒತ್ತಿದಳು. ಯಂತ್ರ ಆಕೆಯ ಕೈಯಲ್ಲಿ ಹುಚ್ಚು ಕರುವಿನಂತೆ ಒದ್ದಾಡಿತು. ಒಂದು ಸಲ ಜಾರಿ ಬಾಗಿಲ ಬಣ್ಣ ಕಿತ್ತಿತು. ಎರಡನೆಯ ಸಲ ಬೀಗದ ಕೊಂಡಿಯ ಮೇಲೆ ನಿಂತಿತು. ಕಿಡಿಗಳು ಆಕೆಯ ಮೊಣಕೈ ಸುಟ್ಟು, ಬಳೆಗಳ ಮೇಲೆ ಸಿಡಿದು, ಆಕೆಯೇ ಕೆರೆದು ಹೊಳೆಸಿದ್ದ ನೆಲದ ತುಂಬ ಬಿದ್ದವು.

ಕೊಂಡಿ ಅರ್ಧ ತುಂಡಾಗಿತ್ತು. ಹಾಲಿನ ಆ ತುದಿಯಿಂದ ಶಿವಲಿಂಗ ಓಡಿ ಬರುತ್ತಿದ್ದ, ಹಿಂದೆ ವಿವೇಕಾನಂದ, ಅವನ ಹಿಂದೆ ಗೇಟಿನ ಕಾವಲುಗಾರರು. ಅವರ ಬಾಯಿಗಳು ತೆರೆದು ಮುಚ್ಚುವುದು ಕಾಣುತ್ತಿತ್ತು. ಗ್ರೈಂಡರಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಹಣಮಮ್ಮ ಕಾಲು ಅಗಲಿಸಿ ನಿಂತು ಇನ್ನಷ್ಟು ಒತ್ತಿದಳು. ಭಾಗಮ್ಮ ಗುಂಪಿನಿಂದ ಮುಂದೆ ಬಂದು, ಓಡಿ ಬರುವವರಿಗೆ ಬೆನ್ನು ಮಾಡಿ, ಬಾಗಿಲಿಗೆ ಮುಖ ಮಾಡಿ ತನ್ನ ಸರದಿಗೆ ನಿಂತಳು.